ಆಲ್ಬರಿ ಒಪ್ಪಂದ

ತುಮಕೂರು

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಸುಮಿತ್ರ ಅಡುಗೆಮನೆಯ ತಕ್ಕಡಿ ತೆಗೆದು ಚಟ್ನಿಪುಡಿಯ ಎರಡು ಪೊಟ್ಟಣಗಳನ್ನು ತೂಗಿದಳು. ಒಂದು ಸಿಡ್ನಿಯಲ್ಲಿರುವ ನನ್ನ ತಂಗಿ ಶೈಲಾಳಿಗೆ, ಇನ್ನೊಂದು ಮೆಲ್ಬರ್ನಿನಲ್ಲಿರುವ ಅಕ್ಕ ವಿಜಯಳಿಗೆ. ಅಕ್ಕನ ಪೊಟ್ಟಣ ಎರಡು ಚಮಚ ಹೆಚ್ಚಿತ್ತು. ಅಷ್ಟನ್ನು ತೆಗೆದು ಡಬ್ಬಿಗೆ ವಾಪಸ್ ಹಾಕಿದಳು. ಮುಳ್ಳು ನಡುವೆ ನಿಂತ ಮೇಲೆ "ಈಗ ತಗೊಂಡ್ಹೋಗಿ, ಯಾರೂ ಬೆರಳು ತೋರ್ಸೋ ಹಾಗಿಲ್ಲ" ಅಂದಳು.

ಅಕ್ಕ ತಂಗಿ ನಾಲ್ಕು ವರ್ಷದಿಂದ ಮಾತಾಡುತ್ತಿರಲಿಲ್ಲ. ನಾನು ರಿಟೈರಾದೆ ಎಂದು ತಿಳಿದದ್ದೇ ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ಕರೆದರು. ಇಬ್ಬರೂ "ಮೊದಲು ನಮ್ಮನೆಗೆ" ಎಂದು ಸೇರಿಸಿದರು. ಸಿಡ್ನಿಯಲ್ಲಿ ಇಳಿಯುವುದು, ಮೆಲ್ಬರ್ನಿನಿಂದ ವಾಪಸ್ ಹೊರಡುವುದು ಎಂದು ನಾನು ತೀರ್ಪು ಕೊಟ್ಟೆ. ತಂಗಿಗೆ "ನಿನ್ನ ಮನೆಗೇ ಮೊದಲು ಬಂದೆ" ಅನ್ನಬಹುದು, ಅಕ್ಕನಿಗೆ "ನಿನ್ನ ಮನೆಯಿಂದಲೇ ಊರಿಗೆ ಹೊರಟೆ" ಅನ್ನಬಹುದು.

ಇಂಥದ್ದರ ಬಗ್ಗೆ ನನಗೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಮೂವತ್ತಮೂರು ವರ್ಷ ಸರ್ಕಾರಿ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿದವನು. ಮೂವತ್ತು ವರ್ಷ ಹೊಡೆದಾಡಿದ ರಾಜ್ಯಗಳು ವೆಸ್ಟ್‌ಫೇಲಿಯಾ ಒಪ್ಪಂದಕ್ಕೆ ಒಂದೇ ಊರಿನಲ್ಲಿ ಕೂರಲು ಒಪ್ಪದೆ ಎರಡು ಊರುಗಳಲ್ಲಿ ಕೂತವು. ಯಾರು ಮೊದಲು ಒಳಗೆ ಬರಬೇಕು, ಯಾರನ್ನು ಏನೆಂದು ಕರೆಯಬೇಕು ಎನ್ನುವುದರಲ್ಲೇ ತಿಂಗಳುಗಟ್ಟಲೆ ಹೋಯಿತು. ಅತ್ತ ಜನ ಸಾಯುತ್ತಲೇ ಇದ್ದರು. ಫ್ರಾನ್ಸಿನವರೂ ಸ್ಪೇನಿನವರೂ ಎದುರುಬದುರು ಕೂರುತ್ತಿರಲಿಲ್ಲವಾದ್ದರಿಂದ ಮಧ್ಯಸ್ಥರು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸಬೇಕಾಗಿತ್ತು. ಇದನ್ನು ಹೇಳುವಾಗ ಪ್ರತಿ ವರ್ಷ ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಮ್ಮ ಮನೆಯ ಯುದ್ಧದ ಕಾರಣವನ್ನು ನೆಂಟರಲ್ಲಿ ಯಾರನ್ನು ಕೇಳಿದರೂ ಒಂದೇ ಥರ ಹೇಳುತ್ತಾರೆ. ಶೈಲಾ ಸಿಡ್ನಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಾಗ ಸ್ವಂತ ಅಕ್ಕನನ್ನು ವಾಟ್ಸಾಪಿನಲ್ಲಿ ಕರೆದಳು. ನಮ್ಮ ಕಡೆ ಅಕ್ಕನನ್ನು ಕರೆಯಬೇಕಾದರೆ ಮನೆಗೆ ಹೋಗಿ, ಹಣೆಗೆ ಕುಂಕುಮ ಇಟ್ಟು, "ಬಂದು ನಡೆಸಿಕೊಡಬೇಕು" ಅನ್ನಬೇಕು. ಅಷ್ಟು ದೂರ ಹೋಗಲಾಗದಿದ್ದರೆ ಫೋನಾದರೂ ಮಾಡಬೇಕು. ಅಕ್ಕನಿಗೆ ಬಂದದ್ದು ಕಳಶ, ಮಾವಿನ ತೋರಣ ಇದ್ದ ಒಂದು ಚಿತ್ರ. ಆಫೀಸಿನವರಿಗೂ ಪಕ್ಕದ ಮನೆಯವರಿಗೂ ಹೋದದ್ದೇ ಅದು. ಅಕ್ಕ ಹೋಗಲಿಲ್ಲ, ಅಲ್ಲಿಗೆ ಮಾತು ನಿಂತಿತು. ಕೇಳಿದವರಿಗೆಲ್ಲ ನಾನೂ ಇದೇ ಕಥೆ ಹೇಳುತ್ತಾ ಬಂದಿದ್ದೆ.

"ಯುರೋಪಿನೋರಿಗೆಲ್ಲ ರಾಜಿ ಮಾಡ್ಸಿದ್ದಾಯ್ತಲ್ಲ, ಈ ಇಬ್ರನ್ನ ಒಂದ್ಕಡೆ ಕೂರಿಸ್ದೆ ವಾಪಸ್ ಬರ್ಬೇಡಿ" ಎಂದು ಸುಮಿತ್ರ ಗೇಟಿನವರೆಗೂ ಬಂದು ಹೇಳಿದಳು.

ಸಿಡ್ನಿ ವಿಮಾನ ನಿಲ್ದಾಣ

ವಿಮಾನದಲ್ಲಿ ಕೊಟ್ಟ ಕಾರ್ಡಿನಲ್ಲಿ, ತಿನ್ನುವ ಪದಾರ್ಥ ಇದೆಯೇ ಎಂಬ ಪ್ರಶ್ನೆಗೆ ನಾನು ಪ್ರಾಮಾಣಿಕವಾಗಿ ಇದೆ ಎಂದು ಗುರುತು ಹಾಕಿದೆ. ನನ್ನನ್ನು ಒಂದು ಉದ್ದನೆಯ ಮೇಜಿನ ಹತ್ತಿರ ಕಳಿಸಿದರು. ಅಲ್ಲಿದ್ದ ಹೆಂಗಸು ಕೈಗವಸು ಹಾಕಿಕೊಂಡು ತಂಗಿಯ ಪೊಟ್ಟಣ ನೋಡಿದಳು, ಸರಿ ಅಂದಳು. ಅಕ್ಕನ ಪೊಟ್ಟಣ ಬಿಚ್ಚಿದಳು. ಪುಡಿಯ ಮೇಲೆ ಒಂದು ಹಿಡಿ ಒಣಗಿದ ಕರಿಬೇವು.

ತಕ್ಕಡಿ ಹಿಡಿದು ನ್ಯಾಯ ಹೇಳಿದ ನನ್ನ ಹೆಂಡತಿ ಹಿಂದಿನಿಂದ ಮಾಡಿದ ಕೆಲಸ ಇದು. ಮೆಲ್ಬರ್ನಿನ ಚಳಿಗೆ ಕರಿಬೇವಿನ ಗಿಡ ಸತ್ತುಹೋಯಿತು ಎಂದು ಅಕ್ಕ ಯಾವತ್ತೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು. ಎಲೆ ಈ ದೇಶದೊಳಗೆ ಬರುವ ಹಾಗಿಲ್ಲವಂತೆ, ಪುಡಿಯಲ್ಲಿ ಬೆರೆತದ್ದರಿಂದ ಪುಡಿಯೂ ಬರುವ ಹಾಗಿಲ್ಲವಂತೆ. ನಾನು ಎಲೆ ಆರಿಸಿ ಕೊಡುತ್ತೇನೆ ಎಂದೆ. ಆಕೆ ಮುಂಚೆಯೇ ಹೇಳಿದ್ದಕ್ಕೆ ನನಗೆ ಧನ್ಯವಾದ ಹೇಳಿ, ನನ್ನ ಊರು ಯಾವುದೆಂದು ಕೇಳಿ, ಪೊಟ್ಟಣವನ್ನು ಹಳದಿ ಡಬ್ಬಕ್ಕೆ ಹಾಕಿದಳು. ನಮ್ಮಲ್ಲಾಗಿದ್ದರೆ ಮೊದಲು ಗದರಿಸಿ ಆಮೇಲೆ ಬಿಟ್ಟುಬಿಡುತ್ತಿದ್ದರು. ಇಲ್ಲಿ ಕೊನೆಯವರೆಗೂ ನಗುನಗುತ್ತಾ ಮಾತಾಡಿದರು, ಬಿಡಲಿಲ್ಲ.

ಎರಡು ರಾಜ್ಯಗಳಿಗೆ ಸಮನಾದ ಕಾಣಿಕೆ ಹೊತ್ತು ಹೊರಟ ರಾಯಭಾರಿ ನಾನು, ಗಡಿಯಲ್ಲೇ ಅರ್ಧ ಕಳೆದುಕೊಂಡು ಒಳಗೆ ಹೋದೆ.

ಮಾರ್ಸ್ಡನ್ ಪಾರ್ಕ್

ತಂಗಿಯ ಮನೆ ಸಿಡ್ನಿಯ ವಾಯವ್ಯ ಮೂಲೆಯಲ್ಲಿ, ಹೊಸದಾಗಿ ಎದ್ದ ಬಡಾವಣೆಯಲ್ಲಿದೆ. ಬೂದು ಹೆಂಚು, ಬಿಳಿ ಗೋಡೆ, ಅಗಲ ಗ್ಯಾರೇಜು, ಎದುರಿಗೆ ಇನ್ನೂ ಕೋಲು ಕಟ್ಟಿಸಿಕೊಂಡು ನಿಂತ ಒಂದು ಎಳೆ ಮರ. ಹೀಗೆ ಸಾಲಾಗಿ ನೂರಾರು ಮನೆ. ಎರಡನೆಯ ದಿನ ಬೆಳಿಗ್ಗೆ ವಾಕಿಂಗ್ ಹೋಗಿ ವಾಪಸ್ ಬಂದು ಬೆಲ್ ಒತ್ತಿದರೆ ಪಗಡಿ ಕಟ್ಟಿದ ಒಬ್ಬ ಪಂಜಾಬಿ ತಾತ ಬಾಗಿಲು ತೆಗೆದರು. ನನ್ನ ಮುಖ ನೋಡಿದ್ದೇ ಅವರಿಗೆ ಎಲ್ಲ ಅರ್ಥವಾಯಿತು. ಕೂರಿಸಿ ಚಹಾ ಕೊಟ್ಟರು. ತಾನೂ ಬಂದ ಹೊಸತರಲ್ಲಿ ಮೂರು ಸಲ ದಾರಿ ತಪ್ಪಿ, ಆಮೇಲೆ ಲೆಟರ್‌ಬಾಕ್ಸಿಗೆ ಕೆಂಪು ದಾರ ಕಟ್ಟಿಕೊಂಡೆ ಎಂದು ಹಿಂದಿಯಲ್ಲಿ ಹೇಳಿ, ತೋರಿಸಿದರು. ಮನೆ ಹುಡುಕಿ ಬಿಟ್ಟುಹೋಗುವಾಗ ನನಗೂ ಒಂದು ದಾರ ಕೊಟ್ಟರು.

ಇಲ್ಲಿ ನನಗೆ ತುಂಬ ಹಿಡಿಸಿದ್ದು ಬಸ್ಸಿನಿಂದ ಇಳಿಯುವವರು. ಹಿಂದಿನ ಬಾಗಿಲಿನಿಂದ ಇಳಿಯುವಾಗಲೂ ಅಷ್ಟು ದೂರದ ಡ್ರೈವರಿಗೆ ಕೇಳುವಂತೆ "ಥ್ಯಾಂಕ್ ಯೂ" ಎಂದು ಕೂಗಿ ಇಳಿಯುತ್ತಾರೆ. ಶಾಲೆಯ ಮಕ್ಕಳೂ, ಕೋಲೂರುವ ಮುದುಕಿಯರೂ ಕೂಗುತ್ತಾರೆ. ನನ್ನ ಜೀವನದಲ್ಲಿ ನಾನು ಬಸ್ ಡ್ರೈವರಿಗೆ ಕೂಗಿದ್ದೆಲ್ಲ "ನಿಲ್ಸೀ, ಇಳಿಯೋದಿದೆ" ಎಂದು ಮಾತ್ರ.

ಶೈಲಾಳ ಮಗಳು ಅನ್ವಿಗೆ ಹನ್ನೊಂದು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಒಂದು ಸಂಜೆ ಅವಳ ಪುಸ್ತಕದಲ್ಲಿ ಆಸ್ಟ್ರೇಲಿಯಾದ ನಕಾಶೆ ನೋಡುತ್ತಾ, ರಾಜಧಾನಿ ಯಾಕೆ ಹೀಗೆ ಎರಡು ದೊಡ್ಡ ಊರುಗಳ ನಡುವೆ ಹೋಗಿ ಕೂತಿದೆ ಎಂದು ಕೇಳಿದೆ.

"ಬಿಕಾಸ್ ಸಿಡ್ನಿ ಅಂಡ್ ಮೆಲ್ಬರ್ನ್ ಕುಡಂಟ್ ಅಗ್ರೀ, ಮಾಮ. ಸೋ ದೇ ಬಿಲ್ಟ್ ಕ್ಯಾನ್‌ಬೆರಾ" ಅಂದಳು. ಅಡುಗೆಮನೆಯತ್ತ ನೋಡಿ, ದನಿ ತಗ್ಗಿಸಿ ಕೇಳಿದಳು. "ವೈ ಡಸಂಟ್ ಅಮ್ಮ ಟಾಕ್ ಟು ದೊಡ್ಡಮ್ಮ?"

"ವಾಟ್ಸಾಪಿಂದ ಕಣೇ" ಅಂದೆ.

"ದಟ್ಸ್ ಸೋ ಸಿಲ್ಲಿ" ಅಂದಳು.

ಶೈಲಾ ದಂತವೈದ್ಯೆ. ಶನಿವಾರ ನನ್ನನ್ನು ತನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಬೇಡ ಬೇಡ ಎಂದರೂ ಕುರ್ಚಿಯ ಮೇಲೆ ಮಲಗಿಸಿದಳು. ನನ್ನ ಹಲ್ಲಿನ ಪರಿಸ್ಥಿತಿ ನೋಡಿ ಅವಳಿಗೆ ಸಿಟ್ಟೇ ಬಂತು. ಬಾಯಿ ಅಗಲಿಸಿ, ಎಂಜಲು ಹೀರುವ ಕೊಳವೆಯನ್ನು ಕೆನ್ನೆಯೊಳಗೆ ಸಿಕ್ಕಿಸಿ, ಮುಖಗವಸಿನ ಹಿಂದಿನಿಂದ ಕೆರೆಯುತ್ತಾ ಕೂತಳು. ಗೋಡೆಯ ಮೇಲೆ ಅವಳ ಸರ್ಟಿಫಿಕೇಟುಗಳು ಸಾಲಾಗಿದ್ದವು. ನಡುವೆ ಒಂದು ಕಡೆ ಮೊಳೆ ಮಾತ್ರ ಇತ್ತು.

ನಾನು ಕಣ್ಣಲ್ಲೇ ಅದೇನು ಎಂದು ಕೇಳಿದೆ.

"ಅಲ್ಲಿ ಹಾಕ್ಬೇಕಾಗಿದ್ದು ಇಲ್ಲಿನ ಲೈಸೆನ್ಸ್ ಎಕ್ಸಾಮಿಂದು" ಅಂದಳು. ಕೈ ನಿಲ್ಲಲಿಲ್ಲ. "ಪಾಸಾದೆ. ಹಾಕೋಕೆ ಮನಸ್ಸಾಗ್ಲಿಲ್ಲ. ಎಲ್ರೂ ವಾಟ್ಸಾಪ್ ವಾಟ್ಸಾಪ್ ಅಂತಾರಲ್ಲ ಅಣ್ಣ, ನಾನು ಬೇಕಂತ್ಲೇ ವಾಟ್ಸಾಪ್ ಕಳ್ಸಿದ್ದು. ಕುಂಕುಮ ಕೊಟ್ಟು ಕರೆಯೋಕೆ ನಂಗೆ ಆಗ್ಲಿಲ್ಲ. ಅಮ್ಮ ಆಸ್ಪತ್ರೇಲಿದ್ದಾಗ ದಿನಾ ಫೋನ್ ಮಾಡಿ ಕೇಳ್ದೆ, ಹೊರಟು ಬರ್ಲಾ ಅಂತ. ಅಕ್ಕ ಅಮ್ಮನ ಪಕ್ಕದಲ್ಲೇ ಕೂತಿದ್ಲು. 'ಏನೂ ಇಲ್ಲ ಕಣೇ, ಹುಷಾರಾಗ್ತಿದಾರೆ, ನೀನು ಎಕ್ಸಾಮ್ ಬರಿ' ಅಂದ್ಲು. ಎಕ್ಸಾಮ್ ಬರ್ದು ಹೊರಗ್ಬಂದು ಫೋನ್ ಆನ್ ಮಾಡಿದ್ರೆ ಅಮ್ಮ ಇಲ್ಲ. ಮುಖಾನೂ ನೋಡ್ಲಿಲ್ಲ ನಾನು. ಹೇಗೆ ಮರೀಲಿ ಹೇಳು."

ಬಾಯಿ ತೆರೆದು ಮಲಗಿದವನು ಏನು ಹೇಳಲು ಸಾಧ್ಯ? ಕೊಳವೆ ಗೊರಗೊರ ಎನ್ನುತ್ತಿತ್ತು. ಕೊನೆಗೆ ಅವಳೇ ಎಲ್ಲ ತೆಗೆದು, ಕುರ್ಚಿ ಎಬ್ಬಿಸಿ, "ಬಾಯಿ ಮುಕ್ಕಳಿಸು" ಅಂದಳು. ಈಗ ನನ್ನ ಬಾಯಿ ನನ್ನದೇ ಆಗಿತ್ತು. "ನೋವೇ ಆಗ್ಲಿಲ್ಲ, ಒಳ್ಳೆ ಕೈ ನಿಂದು" ಎಂದೆ.

ಓದುಗರಿಗೆ ನಿಜ ಹೇಳಿಬಿಡುತ್ತೇನೆ. ಆ ಮಾತು ಅಕ್ಕ ಆಡಿದ್ದು, ಆಡಿಸಿದ್ದು ನಾನು. ಏಳು ವರ್ಷದ ಹಿಂದೆ ತುಮಕೂರಿನ ಆಸ್ಪತ್ರೆಯ ಓಣಿಯಲ್ಲಿ ನಿಂತು, ರಜೆ ಹಾಕಿ ಬಂದಿದ್ದ ಅಕ್ಕನಿಗೆ ನಾನೇ ಹೇಳಿದೆ. ಶೈಲಾ ಪರೀಕ್ಷೆಗೆ ಎರಡನೇ ಸಲ ಕೂರುತ್ತಿದ್ದಾಳೆ, ಈಗ ಬಿಟ್ಟು ಬಂದರೆ ಮತ್ತೆ ಬರೆಯುವುದಿಲ್ಲ, ನಾನು ಫೋನ್ ಎತ್ತಿಕೊಂಡರೆ ನನ್ನ ದನಿಯಲ್ಲೇ ಸಿಕ್ಕಿಬೀಳುತ್ತೇನೆ, ನೀನೇ ಹೇಳು. ಅಕ್ಕ ಎರಡು ದಿನ ಒಪ್ಪಲಿಲ್ಲ. "ತಪ್ಪಾಗುತ್ತೆ ಕಣೋ ರಘು" ಅಂದಳು. ಪರೀಕ್ಷೆ ಮುಗಿಯುವವರೆಗೂ ಅಮ್ಮ ಇರುತ್ತಾರೆ ಎಂದು ನಾನು ನಂಬಿದ್ದೆ. ಇರಲಿಲ್ಲ. ಆಮೇಲೆ ಗೃಹಪ್ರವೇಶದ ವಾಟ್ಸಾಪ್ ಬಂತು, ಜನ ಅದನ್ನೇ ಕಾರಣ ಮಾಡಿಕೊಂಡರು, ನನಗೆ ಒಳಗೊಳಗೇ ಹಾಯೆನಿಸಿತ್ತು.

ಹೊರಡುವ ದಿನ ನನ್ನ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕಂಡೆ. ಶೈಲಾ ತನ್ನ ಪಾಲಿನ ಚಟ್ನಿಪುಡಿಯಲ್ಲಿ ಅರ್ಧ ಹಾಕಿಟ್ಟಿದ್ದಳು. ಸುಮಿತ್ರ ಎರಡನ್ನೂ ತೂಕ ಹಾಕಿ ಕಟ್ಟಿದ್ದನ್ನೂ ಅಕ್ಕನ ಪೊಟ್ಟಣ ಏರ್‌ಪೋರ್ಟಿನಲ್ಲಿ ಹೋದದ್ದನ್ನೂ ಹೇಳಿದಾಗ "ಹೌದಾ" ಎಂದು ಸುಮ್ಮನಾಗಿದ್ದವಳು.

"ನಾನು ಕೊಟ್ಟೆ ಅಂತ ಹೇಳ್ಬೇಡ" ಅಂದಳು.

ರೈಲಿನಲ್ಲಿ

ವಿಮಾನ ಬೇಡ, ರೈಲಿನಲ್ಲಿ ಹೋಗುತ್ತೇನೆ ಎಂದಾಗ ಎಲ್ಲರೂ ನಕ್ಕಿದ್ದರು. ಹಗಲಿಡೀ ಕೂರಬೇಕು. ನನಗೆ ಯೋಚನೆ ಮಾಡಲು ಅಷ್ಟು ಹೊತ್ತು ಬೇಕಾಗಿತ್ತು.

ಪಕ್ಕದ ಸೀಟಿನಲ್ಲಿ ಒಬ್ಬ ಮುದುಕ, ಕೆಂಪು ಮುಖ, ತೊಡೆಯ ಮೇಲೆ ಟೊಮೇಟೊ ಸ್ಯಾಂಡ್‌ವಿಚ್. ಮೊದಲ ಮೂರು ಗಂಟೆ ಕಿಟಕಿಯ ಹೊರಗಿನ ಕುರಿ ಎಣಿಸುವವನ ಹಾಗೆ ಸುಮ್ಮನಿದ್ದ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಮಧ್ಯಾಹ್ನ ಆಲ್ಬರಿ ಎಂಬ ಊರು ಬಂತು. ಊರಿನ ಗಾತ್ರಕ್ಕೆ ತಕ್ಕದ್ದಲ್ಲದ, ಮುಗಿಯದಷ್ಟು ಉದ್ದದ ಪ್ಲಾಟ್‌ಫಾರ್ಮು. ಯಾಕೆ ಇಷ್ಟುದ್ದ ಎಂದು ಕೇಳಿದೆ.

ಅವನು ವಿವರಿಸಿದ. ಪಕ್ಕದಲ್ಲೇ ಮರ್ರೆ ನದಿ ಹರಿಯುತ್ತದೆ. ಈಚೆ ಸಿಡ್ನಿಯವರ ರಾಜ್ಯ, ಆಚೆ ಮೆಲ್ಬರ್ನಿನವರ ರಾಜ್ಯ. ಹಳಿಯ ಅಗಲ ಎಷ್ಟಿರಬೇಕು ಎಂಬುದರಲ್ಲಿ ಹಿಂದೆ ಎರಡೂ ಕಡೆಯವರು ಒಪ್ಪಲಿಲ್ಲ. ಹಾಗಾಗಿ ಸಿಡ್ನಿಯ ರೈಲು ಇಲ್ಲಿಗೆ ನಿಲ್ಲುತ್ತಿತ್ತು. ಎಲ್ಲರೂ ಗಂಟುಮೂಟೆ ಹೊತ್ತು ಇಳಿದು, ಪ್ಲಾಟ್‌ಫಾರ್ಮಿನ ಆಚೆ ನಿಂತ ಮೆಲ್ಬರ್ನಿನ ರೈಲು ಹತ್ತಬೇಕಾಗಿತ್ತು. ಅವನ ಅಮ್ಮ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಹಾಗೆ ದಾಟಿದ್ದಳಂತೆ.

ನಮ್ಮಲ್ಲೂ ಮೀಟರ್ ಗೇಜಿನಿಂದ ಇಳಿದು ಬ್ರಾಡ್ ಗೇಜ್ ಹತ್ತುವ ಕಾಲವಿತ್ತು ಎಂದೆ. ಅಲ್ಲಿಂದ ನಾನು ಪಾಠಕ್ಕೇ ಇಳಿದೆ. ಫ್ರಾನ್ಸಿಗೂ ಸ್ಪೇನಿಗೂ ನಡುವೆ ಒಂದು ಸಣ್ಣ ನದಿ, ನದಿಯ ನಡುವೆ ಒಂದು ದ್ವೀಪ. ಪಿರನೀಸ್ ಒಪ್ಪಂದಕ್ಕಾಗಿ ಅಲ್ಲಿ ಮಂಟಪ ಕಟ್ಟಿದರು. ಆಚೆಯಿಂದ ಒಂದು ಬಾಗಿಲು, ಈಚೆಯಿಂದ ಒಂದು ಬಾಗಿಲು. ಯಾರೂ ಇನ್ನೊಬ್ಬರ ನೆಲಕ್ಕೆ ಹೋದ ಹಾಗಾಗಬಾರದು. ಮುಂದಿನ ವರ್ಷ ಅದೇ ದ್ವೀಪದಲ್ಲಿ ಸ್ಪೇನಿನ ರಾಜನೂ ಫ್ರಾನ್ಸಿನ ರಾಜಮಾತೆಯೂ ಭೇಟಿಯಾದರು. ಅವಳು ಅವನ ಸ್ವಂತ ಅಕ್ಕ. ನಲವತ್ತು ವರ್ಷಕ್ಕೂ ಮೇಲೆ ಮುಖ ನೋಡಿರಲಿಲ್ಲ. ಅಕ್ಕ ಮುದ್ದಿಸಲು ಮುಂದೆ ಬಂದಳು, ತಮ್ಮ ತನ್ನ ಆಸ್ಥಾನದ ಶಿಷ್ಟಾಚಾರ ಬಿಡಲಾರದೆ ತಲೆ ಬಾಗಿಸಲಿಲ್ಲ ಎಂದು ಓದಿದ್ದೇನೆ.

ಮುದುಕ ಸ್ಯಾಂಡ್‌ವಿಚ್ಚಿನ ಕಾಗದ ಮಡಿಸಿದ. "ಪೂರ್ ಓಲ್ಡ್ ಗರ್ಲ್" ಅಂದ. ರೈಲು ನದಿ ದಾಟುತ್ತಿತ್ತು. ಎಲ್ಲಿ ಕೂರಿಸಬೇಕು ಎನ್ನುವುದು ನನಗೆ ಆಗ ಹೊಳೆಯಿತು. ಏನು ಹೇಳಬೇಕು ಎನ್ನುವುದೂ ಗೊತ್ತಿತ್ತು.

ಕ್ರಾನ್‌ಬರ್ನ್

ಅಕ್ಕನ ಮನೆ ಮೆಲ್ಬರ್ನಿನ ಆಗ್ನೇಯ ತುದಿಯಲ್ಲಿದೆ. ಅಕ್ಕ, ಭಾವ ಇಬ್ಬರೂ ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಭಾವ ಎಂಜಿನಿಯರಾಗಿದ್ದು ಈಗ ಟೊಮೇಟೊ ಬೆಳೆಯುತ್ತಾರೆ. ದಿನಕ್ಕೆ ಮೂರು ಸಲ ಹವಾಮಾನ ನೋಡುತ್ತಾರೆ, ಮೂರು ಸಲವೂ ಅದು ಸುಳ್ಳಾಗುತ್ತದೆ. ಕೊಡೆ, ಸ್ವೆಟರು, ತಂಪು ಕನ್ನಡಕ ಮೂರನ್ನೂ ತೆಗೆದುಕೊಂಡೇ ಹಾಲು ತರಲು ಹೋಗಬೇಕು ಎಂದು ನನಗೆ ಮೊದಲ ದಿನವೇ ಉಪದೇಶ ಮಾಡಿದರು.

ನಾನು ಡಬ್ಬಿ ಕೊಟ್ಟೆ. ಅಕ್ಕ ಮುಚ್ಚಳ ತೆಗೆಯಲು ಹೋಗಿ ನಿಂತಳು. ಮುಚ್ಚಳದ ಸುತ್ತ ಎರಡು ಸಲ ರಬ್ಬರ್ ಬ್ಯಾಂಡ್, ಅದರ ಮೇಲೆ ಅಡ್ಡಕ್ಕೆ ಇನ್ನೊಂದು. ಅಮ್ಮ ಸ್ಕೂಲಿನ ಡಬ್ಬಿಗೆ ಹಾಗೇ ಹಾಕುತ್ತಿದ್ದರು. ಶೈಲಾ ಹುಟ್ಟುವಾಗ ಅಕ್ಕನಿಗೆ ಹದಿನೇಳು ವರ್ಷ. ಅಮ್ಮನಿಗಿಂತ ಹೆಚ್ಚಾಗಿ ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಜಡೆ ಹಾಕಿದವಳು ಅಕ್ಕನೇ.

"ಸುಮಿತ್ರ ಹೀಗೆ ಕಟ್ಟಲ್ಲ" ಅಂದಳು.

ನಾನು ಗೋಡೆ ನೋಡಿದೆ. ಅಕ್ಕ ಮತ್ತೇನೂ ಕೇಳದೆ ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟಳು.

ಮಾರನೆಯ ದಿನ ಅವಳ ಜೊತೆ ರೈಲಿನಲ್ಲಿ ಡ್ಯಾಂಡಿನಾಂಗಿಗೆ ತರಕಾರಿ ತರಲು ಹೋದೆ. ಜಗತ್ತಿನ ಎಲ್ಲ ಭಾಷೆಯಲ್ಲೂ ಚೌಕಾಸಿ ಮಾಡುವುದು ಅಲ್ಲಿ ಕೇಳಿಸುತ್ತದೆ. ಅಫ್ಘಾನಿ ರೊಟ್ಟಿಯ ಅಂಗಡಿ, ವಿಯೆಟ್ನಾಮಿನ ಸೊಪ್ಪು, ಪಕ್ಕದಲ್ಲೇ ನಮ್ಮವರ ದಿನಸಿ. ಅಕ್ಕ ಫ್ರಿಜ್ಜಿನ ತಳಕ್ಕೆ ಕೈ ಹಾಕಿ ಫ್ರೋಜನ್ ಅವರೆಕಾಳಿನ ನಾಲ್ಕು ಪ್ಯಾಕೆಟ್ ತೆಗೆದಳು. ಭಾವನಿಗೆ ಅವರೆಕಾಳು ಆಗುವುದಿಲ್ಲ, ಅಕ್ಕ ತಿನ್ನುವುದಿಲ್ಲ. ಯಾರಿಗೆ ಎಂದು ನಾನು ಕೇಳಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ನಾನೇ ಮಾತೆತ್ತಿದೆ. "ಅಕ್ಕ, ಅವಳಿಗೆ ಇನ್ನೂ ಗೊತ್ತಿಲ್ಲ. ನೀನ್ಯಾಕೆ ಹೇಳ್ಲಿಲ್ಲ, ರಘುನೇ ಹೇಳಿಸಿದ್ದು ಅಂತ?"

"ಹೇಳಿದ್ರೆ ಅಮ್ಮ ವಾಪಸ್ ಬರ್ತಿದ್ರಾ?"

"ಏಳು ವರ್ಷ ನೀನು ಅವಳ ಸಿಟ್ಟು ತಿಂದೆ."

"ನಾನು ಹಿರೀಳು, ತ‌ಡ್ಕೋತೀನಿ. ನೀನು ಅದನ್ನ ಅವಳ ಹತ್ರ ಎತ್ತಕೂಡ್ದು ರಘು. ನನ್ನಾಣೆ ಇದೆ." ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ಕಿಟಕಿಯ ಕಡೆ ತಿರುಗಿದಳು.

ವೆಸ್ಟ್‌ಫೇಲಿಯಾ ಒಪ್ಪಂದದಲ್ಲಿ ಒಂದು ಕಲಮು ಇದೆ. ಯುದ್ಧ ಶುರುವಾದಾಗಿನಿಂದ ಆಡಿದ್ದು, ಬರೆದದ್ದು, ಮಾಡಿದ್ದು ಎಲ್ಲವನ್ನೂ ಎರಡೂ ಕಡೆಯವರು ಶಾಶ್ವತವಾಗಿ ಮರೆಯಬೇಕು ಎನ್ನುತ್ತದೆ. ಎಂಥ ದೊಡ್ಡ ಮಾತು ಎಂದು ನಾನು ತರಗತಿಯಲ್ಲಿ ಭಾವುಕನಾಗಿ ಹೇಳುತ್ತಿದ್ದೆ. ಈ ಇಬ್ಬರಿಂದಲೂ ಅಂಥ ಮರೆವನ್ನು ಗಿಟ್ಟಿಸಿಕೊಂಡು, ನನ್ನ ಹೆಸರು ಬಾರದಂತೆ ಒಪ್ಪಂದ ಮುಗಿಸಿ ಮನೆಗೆ ಹೋಗುವ ಆಸೆ ನನಗಿತ್ತು. ಆ ರೈಲಿನಲ್ಲಿ ಅಕ್ಕನ ಬೆನ್ನು ನೋಡುತ್ತಾ ಅದು ನನಗೇ ಅಸಹ್ಯವೆನಿಸಿತು.

ಆಲ್ಬರಿ

ಜಾಗ ಗೊತ್ತುಮಾಡಲು ನಾಲ್ಕು ದಿನ, ಹದಿನಾರು ಫೋನು ಹಿಡಿಯಿತು. "ನಾನು ಆರು ಗಂಟೆ ಡ್ರೈವ್ ಮಾಡ್ಬೇಕು, ಅವರಿಗೆ ನಾಲ್ಕೇ ಗಂಟೆ. ಅದೆಂಥ ಮಧ್ಯ?" ಎಂದು ಶೈಲಾ ಕೇಳಿದಳು. ನಾನು ಅದನ್ನು ಸ್ವಲ್ಪ ನಯಮಾಡಿ ಅಕ್ಕನಿಗೆ ಮುಟ್ಟಿಸಿದೆ. ಅಕ್ಕ ಯೋಚಿಸಿ, "ಹಾಗಾದ್ರೆ ನಾವು ಸೇತುವೆ ದಾಟಿ ಆಚೆ ದಡಕ್ಕೆ ಬರ್ತೀವಿ, ಅವಳ ಕಡೆಗೆ" ಅಂದಳು. ಶೈಲಾ "ಸರಿ" ಅಂದಳು. ಮೂವತ್ತಮೂರು ವರ್ಷ ಓದಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಈಸ್ಟರ್ ರಜೆಯಲ್ಲಿ ಹೋದೆವು. ನದಿ ದಡದ ಪಾರ್ಕಿನಲ್ಲಿ ದೊಡ್ಡ ಮರಗಳು, ಎಲೆ ಹಳದಿಯಾಗುವ ಕಾಲ. ಏಪ್ರಿಲ್ ಎಂದರೆ ಮಾವಿನಕಾಯಿ ನೆನಪಾಗುವ ನನಗೆ ಏಪ್ರಿಲಿನಲ್ಲಿ ಎಲೆ ಉದುರುವುದು ವಿಚಿತ್ರವಾಗಿತ್ತು. ಮರದ ಮೇಜಿನ ಈಚೆ ಅಕ್ಕ, ಆಚೆ ಶೈಲಾ, ತುದಿಯಲ್ಲಿ ನಾನು. ಭಾವ ಮತ್ತು ಶೈಲಾಳ ಗಂಡ ಗಿರೀಶ ಬಾತುಕೋಳಿ ನೋಡುವ ನೆಪದಲ್ಲಿ ಜಾಣತನದಿಂದ ದೂರ ಹೋದರು. ಅನ್ವಿ ಮಾತ್ರ ನನ್ನ ಪಕ್ಕ ಅಂಟಿಕೊಂಡು ಕೂತಳು.

"ರೋಡ್ ಹೇಗಿತ್ತು?" ಎಂದು ಅಕ್ಕ ಮೇಜಿಗೆ ಕೇಳಿದಳು.

"ಚೆನ್ನಾಗಿತ್ತು" ಎಂದು ಶೈಲಾ ನದಿಗೆ ಹೇಳಿದಳು.

ಅಕ್ಕ ಡಬ್ಬಿ ತೆರೆದಳು. ಅವರೆಕಾಳಿನ ಉಪ್ಪಿಟ್ಟು. ಶೈಲಾ ಅದನ್ನು ನೋಡಿದಳು. ತಟ್ಟೆಗೆ ಹಾಕಿಕೊಂಡಳು, ತಿನ್ನಲಿಲ್ಲ, ಚಮಚದಿಂದ ಕಾಳುಗಳನ್ನು ಒಂದು ಕಡೆ ಸರಿಸುತ್ತಾ ಕೂತಳು. ಅವಳ ಗಲ್ಲ ನಡುಗುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಕಾದರೆ ಇಬ್ಬರೂ ಅತ್ತು ಒಂದಾಗುತ್ತಾರೆ, ನಾನು ಬಾಯಿ ಬಿಡುವ ಅಗತ್ಯವೇ ಬರುವುದಿಲ್ಲ ಎನ್ನಿಸಿತು. ಅಷ್ಟರಲ್ಲಿ ಶೈಲಾ ಅಂದಳು.

"ಆಯ್ತು ಅಕ್ಕ. ನಿನ್ನ ಕ್ಷಮಿಸಿದೀನಿ. ಬಿಟ್ಬಿಡೋಣ."

ಅಕ್ಕ ತಲೆಯಾಡಿಸಿದಳು. ಮಾಡದ ತಪ್ಪಿಗೆ ಕ್ಷಮೆ ತೆಗೆದುಕೊಂಡಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಶೈಲಾ, ಅವತ್ತು ಅಕ್ಕ ಫೋನಲ್ಲಿ ಹೇಳಿದ್ದು ನನ್ನ ಮಾತು. ಅವಳು ಬೇಡ ಬೇಡ ಅಂದ್ಲು. ನಾನೇ ಹೇಳಿಸ್ದೆ."

"ರಘು, ಸುಮ್ನಿರು" ಎಂದು ಅಕ್ಕ ನನ್ನ ಕೈ ಹಿಡಿದಳು.

ಶೈಲಾ ಚಮಚ ಕೆಳಗಿಟ್ಟಳು. ದನಿ ಏರಿಸಲಿಲ್ಲ. "ಪ್ರತಿ ಭಾನುವಾರ ನಿಂಗೆ ಫೋನ್ ಮಾಡಿದೀನಿ ಅಣ್ಣ. ಅಕ್ಕನ ಹೆಸರು ಬಂದಾಗೆಲ್ಲ ಅವಳನ್ನ ಬೈದಿದೀನಿ. ನೀನು ಹೂಂ ಹೂಂ ಅಂತ ಕೇಳಿಸ್ಕೊಂಡಿದೀಯ." ಎದ್ದು ನದಿಯ ಅಂಚಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತಳು.

"ಈಗ ಸಮಾಧಾನ ಆಯ್ತಾ ನಿಂಗೆ?" ಎಂದು ಅಕ್ಕ ನನ್ನ ಮೇಲೆ ಸಿಡಿದಳು. ನನಗೆ ಸಮಾಧಾನವೇನೂ ಆಗಿರಲಿಲ್ಲ.

ಎಷ್ಟು ಹೊತ್ತಾಯಿತೋ. ಶೈಲಾ ತಿರುಗಿ ಬಂದಳು. ನೇರ ಅಕ್ಕನ ಮುಂದೆ ನಿಂತು ಕೇಳಿದಳು. "ನೀನ್ಯಾಕೆ ಹೇಳ್ಲಿಲ್ಲ?"

ಅಕ್ಕ ಕಣ್ಣೊರೆಸಿಕೊಂಡಳು. "ಅಮ್ಮ ಹೋದ್ಮೇಲೆ ನಿಂಗೆ ತವರು ಅಂತ ಇರೋದು ಅವನೊಬ್ಬನ ಮನೆ. ಅವನ ಮೇಲೂ ಸಿಟ್ಟಾದ್ರೆ ಊರಿಗೆ ಹೋದಾಗ ನೀನು ಎಲ್ಲಿಗೆ ಹೋಗ್ತಿದ್ದೆ? ಹೋಟೆಲಲ್ಲಿ ಇಳ್ಕೋತಿದ್ಯಾ? ನನ್ನ ಮೇಲಾದ್ರೆ ಪರ್ವಾಗಿಲ್ಲ. ಮೆಲ್ಬರ್ನು ಯಾರಿಗೂ ತವರಲ್ಲ."

ಶೈಲಾ ಬೆಂಚಿನ ಮೇಲೆ ಅಕ್ಕನ ಪಕ್ಕ ಕುಸಿದು ಕೂತು ಅವಳ ಭುಜಕ್ಕೆ ಮುಖ ಒತ್ತಿದಳು. ನಲವತ್ತೈದು ವರ್ಷದ ಡಾಕ್ಟರಮ್ಮ ಬಿಕ್ಕಿಬಿಕ್ಕಿ ಅತ್ತಳು. ಅಕ್ಕ ಅವಳ ತಲೆಯ ಕ್ಲಿಪ್ಪು ತೆಗೆದು, "ಕೂದಲೆಲ್ಲ ಹೀಗೆ ಗಾಳಿಗೆ ಬಿಟ್ಕೊಂಡು" ಎಂದು ಗೊಣಗುತ್ತಾ, ಬೆರಳಲ್ಲೇ ಬಾಚಿ ಬಿಗಿಯಾಗಿ ಜಡೆ ಹೆಣೆಯತೊಡಗಿದಳು. ಆ ದ್ವೀಪದ ರಾಜನಿಗೂ ಅವನ ಅಕ್ಕನಿಗೂ ಇಂಥ ಒಂದು ಬೆಂಚು ಸಿಕ್ಕಿದ್ದರೆ ಎಂದುಕೊಂಡೆ.

ಜಡೆ ಮುಗಿದ ಮೇಲೆ ಶೈಲಾ ಮೂಗೊರೆಸಿಕೊಂಡು ಕೈಚೀಲದಿಂದ ಒಂದು ಬೆಳ್ಳಿಯ ಕುಂಕುಮದ ಭರಣಿ ತೆಗೆದಳು. ಆರು ಗಂಟೆ ದಾರಿ ಅದನ್ನು ಹೊತ್ತು ತಂದಿದ್ದಳು. ಅಕ್ಕನ ಹಣೆಗೆ ಇಟ್ಟಳು. "ನಾಲ್ಕು ವರ್ಷ ಲೇಟಾಯ್ತು. ಹೊಸ ಮನೆಗೆ ಬಾ ಅಕ್ಕ. ಬಂದು ನಡೆಸ್ಕೊಡು."

"ಬರ್ತೀನಿ ಕಣೇ" ಅಂದಳು ಅಕ್ಕ.

ನಾನು ನಗಲು ಪ್ರಯತ್ನಿಸಿ, "ನನ್ನನ್ನೂ ಕರೀತೀಯಾ?" ಎಂದೆ.

"ನಿಂಗೆ ವಾಟ್ಸಾಪ್ ಮಾಡ್ತೀನಿ" ಅಂದಳು ಶೈಲಾ. ನನ್ನ ಮುಖ ನೋಡಲಿಲ್ಲ. ಆ ದಿನ ಮತ್ತೆ ಮಾತಾಡಲಿಲ್ಲ, ಮಾರನೆಯ ದಿನ ಕಾರು ಹತ್ತುವಾಗಲೂ ಮಾತಾಡಲಿಲ್ಲ. ಅನ್ವಿ ಓಡಿ ಬಂದು ನನ್ನ ಕಿವಿಯಲ್ಲಿ ಸಮಾಧಾನ ಹೇಳಿದಳು. "ಇಟ್ಸ್ ಓಕೆ ಮಾಮ. ವಿತ್ ದೊಡ್ಡಮ್ಮ ಇಟ್ ವಾಸ್ ಓನ್ಲಿ ಫೋರ್ ಇಯರ್ಸ್."

ಮೆಲ್ಬರ್ನ್ ವಿಮಾನ ನಿಲ್ದಾಣ

ಉಳಿದ ಎಂಟು ದಿನ ಅಕ್ಕನ ಫೋನಿಗೆ ಬಿಡುವಿರಲಿಲ್ಲ. ಬೆಳಿಗ್ಗೆ ಕಾಫಿಗೆ ಮುಂಚೆ ಒಂದು ಸಲ, ಶೈಲಾ ಕ್ಲಿನಿಕ್ಕಿನಿಂದ ಬಂದ ಮೇಲೆ ಒಂದು ಸಲ. ನಾನು ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತು ಇಬ್ಬರೂ ನಗುವುದನ್ನು ಕೇಳುತ್ತಿದ್ದೆ. ಒಮ್ಮೆಯೂ ಅಕ್ಕ "ರಘು, ತಗೋ" ಎಂದು ಫೋನ್ ಕೊಡಲಿಲ್ಲ. ಕೊಡಲು ಬಂದು ಬಾಗಿಲಲ್ಲಿ ನಿಂತು ವಾಪಸ್ ಹೋದದ್ದನ್ನು ಮಾತ್ರ ಎರಡು ಸಲ ನೋಡಿದೆ. ಭಾನುವಾರ ಬಂತು. ನನ್ನ ಫೋನು ಸುಮ್ಮನಿತ್ತು. ಬಂದ ಕೆಲಸ ಆಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೇಳಬೇಕೆಂದರೆ ನನಗೆ ಬಹಳ ದುಃಖವಾಗಿತ್ತು.

ವಿಮಾನ ನಿಲ್ದಾಣದಲ್ಲಿ ಅಕ್ಕ ನನ್ನ ಕಾಲರ್ ಸರಿಮಾಡಿದಳು. "ಅವಳಿಗೆ ಸ್ವಲ್ಪ ಟೈಮ್ ಬೇಕು, ಕೊಡು" ಅಂದಳು. ಭಾವ ತಾವು ಬೆಳೆದ ನಾಲ್ಕು ಟೊಮೇಟೊ ಕೊಟ್ಟರು. ಯಾವ ದೇಶವೂ ಅದನ್ನು ಒಳಗೆ ಬಿಡುವುದಿಲ್ಲ ಎಂದು ನನಗೀಗ ಗೊತ್ತಿತ್ತು. ಅವರು ಮರೆಯಾದ ಮೇಲೆ ಒಂದೊಂದಾಗಿ ಅಲ್ಲೇ ನಿಂತು ತಿಂದೆ.

ಗೇಟಿನ ಹತ್ತಿರ ಸಾಲಿನಲ್ಲಿ ನಿಂತಾಗ ಫೋನು ಸದ್ದು ಮಾಡಿತು. ವಾಟ್ಸಾಪ್. ಕಳಶ, ತೋರಣದ ಚಿತ್ರವಿರಲಿಲ್ಲ, ನಮಸ್ಕಾರವಿರಲಿಲ್ಲ, ಅಣ್ಣ ಎಂದೂ ಇರಲಿಲ್ಲ.

"ಗೌರಿ ಹಬ್ಬಕ್ಕೆ ಊರಿಗೆ ಬರ್ತಿದೀವಿ, ಅಕ್ಕ ನಾನು ಇಬ್ರೂ. ಬಾಗಿನ ರೆಡಿ ಮಾಡ್ಸು. ಅಕ್ಕಂದು ಸ್ವಲ್ಪ ಜಾಸ್ತಿ ಇರ್ಲಿ. ಅತ್ತಿಗೆಗೆ ಹೇಳು, ತೂಕ ಹಾಕೋದು ಬೇಡ."